ತರಿತರಿ ಗೋಡೆಗೆ ಅಂಟುಟೇಪು: ನಿಲ್ಲುವುದೆಷ್ಟು, ಬಣ್ಣ ಕೀಳುವುದೆಷ್ಟು

ಬೆಂಗಳೂರಿನ ಬಾಡಿಗೆ ಕರಾರುಪತ್ರಗಳಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಷರತ್ತು ಸಾಮಾನ್ಯವಾಗಿರುತ್ತದೆ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಖರ್ಚಿನ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವ ರೂಢಿಯೂ ಇದೆ. ಹಾಗಾಗಿ ಫೋಟೊ, ಕ್ಯಾನ್ವಾಸ್, ಹಬ್ಬದ ಅಲಂಕಾರ ಯಾವುದನ್ನೇ ತೂಗುಹಾಕಬೇಕಾದರೂ ಜನ ಮೊದಲು ಕೈಹಾಕುವುದು ಡಬಲ್ ಸೈಡ್ ಟೇಪಿಗೆ. ಟೈಲ್ಸ್, ಗಾಜು, ವಾರ್ಡ್‌ರೋಬ್‌ನ ಲ್ಯಾಮಿನೇಟ್ ಮುಂತಾದ ನಯವಾದ ಮೇಲ್ಮೈಗಳಲ್ಲಿ ಈ ಟೇಪುಗಳು ಚೆನ್ನಾಗಿಯೇ ನಿಲ್ಲುತ್ತವೆ. ಆದರೆ ಈಗಿನ ಅನೇಕ ಮನೆಗಳಲ್ಲಿ, ಟಿ.ವಿ. ಇರುವ ಗೋಡೆಯನ್ನೋ ಸೋಫಾದ ಹಿಂದಿನ ಗೋಡೆಯನ್ನೋ ಟೆಕ್ಸ್ಚರ್ ಪೇಂಟ್‌ನಿಂದ ಅಲಂಕರಿಸಿರುತ್ತಾರೆ, ಮತ್ತು ನಾವು ಏನನ್ನಾದರೂ ತೂಗುಹಾಕಲು ಬಯಸುವುದೂ ಸರಿಯಾಗಿ ಅದೇ ಗೋಡೆಗೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕೆಲವು ಬಗೆಯ ಟೇಪುಗಳನ್ನು ನಮ್ಮ ಮನೆಯ ಇಂಥ ಗೋಡೆಗಳ ಮೇಲೆ ಬಳಸಿ ನೋಡಿದ ಅನುಭವವನ್ನೂ, ಅವುಗಳ ಕೆಲಸದ ಬಗ್ಗೆ ತಿಳಿದದ್ದನ್ನೂ ಸೇರಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಟೇಪಿನ ಪೊಟ್ಟಣದ ಮೇಲಿನ ಕಿಲೋಗ್ರಾಂ ಲೆಕ್ಕವನ್ನು ನೋಡಿ ಕೊಳ್ಳುವುದರಿಂದ ಪ್ರಯೋಜನವಿಲ್ಲ, ನಿಮ್ಮ ಗೋಡೆಯ ತರಿ ಎಷ್ಟು ಆಳ, ಅದರ ಬಣ್ಣ ಎಷ್ಟು ಗಟ್ಟಿ ಎಂಬುದನ್ನು ನೋಡಿ ಟೇಪನ್ನು ಆರಿಸಬೇಕು.

ಟೆಕ್ಸ್ಚರ್ ಎಂದು ಕರೆಯುವ ಎಲ್ಲವೂ ಒಂದೇ ಅಲ್ಲ. ಸ್ಪಂಜು, ಬಟ್ಟೆ ಅಥವಾ ಬ್ರಷ್‌ನಿಂದ ಎರಡು ಬಣ್ಣಗಳನ್ನು ಬೆರೆಸಿ ಮೂಡಿಸುವ ವಿನ್ಯಾಸ ಕಣ್ಣಿಗೆ ಒರಟಾಗಿ ಕಂಡರೂ ಕೈಗೆ ಬಹುಪಾಲು ನಯವಾಗಿಯೇ ಇರುತ್ತದೆ. ರೋಲರ್‌ನಿಂದ ಎಮಲ್ಷನ್ ಹೊಡೆದ ಗೋಡೆಯಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ಉಬ್ಬುಗಳಿರುತ್ತವೆ. ಮರಳಿನಂಥ ಕಣಗಳು ಬೆರೆತ ಪೇಂಟ್ ಮೂರನೆಯದು. ಕರಣೆಯಿಂದ ದಪ್ಪ ಟೆಕ್ಸ್ಚರ್ ಹಚ್ಚಿ, ಗೀರು, ಅಲೆ, ಮರದ ತೊಗಟೆಯಂಥ ಆಕಾರಗಳನ್ನು ತೆಗೆದ ಗೋಡೆ ನಾಲ್ಕನೆಯದು; ಇದರ ತಗ್ಗುಗಳು ಮಿಲಿಮೀಟರ್‌ಗಳ ಲೆಕ್ಕದಲ್ಲಿರುತ್ತವೆ. ನಿಮ್ಮದು ಯಾವುದೆಂದು ತಿಳಿಯಲು ಒಳ್ಳೆಯ ಉಪಾಯವೊಂದಿದೆ. ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಪಕ್ಕಕ್ಕೆ ಹಿಡಿದು ಬೆಳಕನ್ನು ಗೋಡೆಯುದ್ದಕ್ಕೂ ಹಾಯಿಸಬೇಕು. ಹಗಲಿನಲ್ಲಿ ಸಮತಟ್ಟಾಗಿ ಕಾಣುತ್ತಿದ್ದ ಗೋಡೆಯಲ್ಲಿ ಪ್ರತಿಯೊಂದು ಉಬ್ಬಿನ ಹಿಂದೆಯೂ ನೆರಳು ಬೀಳುತ್ತದೆ. ನೆರಳು ಚುಕ್ಕೆಯಷ್ಟಿದ್ದರೆ ಟೇಪಿಗೆ ಅವಕಾಶವಿದೆ. ಗೆರೆಯಷ್ಟು ಉದ್ದವಾಗಿದ್ದರೆ ತೂಕದ ಯಾವ ವಸ್ತುವಿಗೂ ಟೇಪನ್ನು ನೆಚ್ಚಿಕೊಳ್ಳಬಾರದು.

ಕಾರಣ ಸರಳವಾಗಿದೆ. ಒತ್ತಿದರೆ ಅಂಟುವ ಟೇಪು ಕೆಲಸ ಮಾಡುವುದು ಅದರ ಅಂಟು ಮೇಲ್ಮೈಯನ್ನು ನಿಜವಾಗಿ ಮುಟ್ಟಿದ ಜಾಗದಲ್ಲಿ ಮಾತ್ರ. ಎರಡು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಉದ್ದದ ತುಂಡೊಂದನ್ನು ಅಂಟಿಸಿದಾಗ ನಯವಾದ ಗಾಜಿನ ಮೇಲೆ ಹೆಚ್ಚುಕಡಿಮೆ 10 ಚದರ ಸೆಂಟಿಮೀಟರ್ ಪೂರ್ತಿ ಹಿಡಿಯುತ್ತದೆ. ತರಿತರಿ ಗೋಡೆಯ ಮೇಲೆ ಅದೇ ತುಂಡು ಉಬ್ಬುಗಳ ನೆತ್ತಿಯನ್ನಷ್ಟೇ ಮುಟ್ಟುತ್ತದೆ, ತಗ್ಗುಗಳ ಮೇಲೆ ಗಾಳಿಯಲ್ಲಿ ನಿಂತಿರುತ್ತದೆ. ನಮ್ಮ ಮನೆಯ ಹಾಲ್‌ನ ಗೋಡೆಯಿಂದ ಬಿಡಿಸಿದ ಪಾರದರ್ಶಕ ಟೇಪಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿದಾಗ ಇದು ಸ್ಪಷ್ಟವಾಗಿ ಕಂಡಿತು: ಅಂಟಿದ ಕಡೆಗಳಲ್ಲಿ ಬಣ್ಣದ ಪುಡಿ ಹತ್ತಿ ಮಬ್ಬಾದ ಚುಕ್ಕೆಗಳು, ಅವುಗಳ ನಡುವೆ ಏನನ್ನೂ ಮುಟ್ಟದೆ ಹೊಳೆಯುತ್ತಲೇ ಉಳಿದ ವಿಶಾಲ ಜಾಗ. ಚುಕ್ಕೆಗಳೆಲ್ಲ ಸೇರಿದರೂ ತುಂಡಿನ ಅರ್ಧದಷ್ಟು ಆಗುವಂತಿರಲಿಲ್ಲ. ಪೊಟ್ಟಣದ ಮೇಲೆ ಬರೆದ ತೂಕದ ಲೆಕ್ಕ ನಯವಾದ ಮೇಲ್ಮೈಯದ್ದಾಗಿರುವುದರಿಂದ ಇಂಥ ಗೋಡೆಗೆ ಅನ್ವಯಿಸುವುದಿಲ್ಲ.

ಇದರ ಜೊತೆಗೆ ಕಾಲದ ಪ್ರಶ್ನೆಯೂ ಇದೆ. ಈ ಅಂಟುಗಳು ಪೂರ್ತಿ ಗಟ್ಟಿಯಾದ ವಸ್ತುಗಳಲ್ಲ, ಬಹಳ ದಪ್ಪನೆಯ ದ್ರವದ ಗುಣವೂ ಅವುಗಳಲ್ಲಿ ಇದೆ. ಒತ್ತಿ ಹಿಡಿದಾಗ ಅಂಟು ನಿಧಾನವಾಗಿ ಹರಡಿ ಗೋಡೆಯ ಸಣ್ಣ ಸಣ್ಣ ತಗ್ಗುಗಳಿಗೆ ಇಳಿಯುವುದು ಈ ಗುಣದಿಂದಲೇ. ಹಗಲು ರಾತ್ರಿ ಭಾರ ಎಳೆಯುತ್ತಿದ್ದರೆ ಅದು ಕೂದಲೆಳೆಯಷ್ಟೇ ಜಾರುತ್ತಾ ಹೋಗಿ, ಒಂದು ದಿನ ಯಾರೂ ಮುಟ್ಟದಿದ್ದರೂ ಫ್ರೇಮು ಕೆಳಗೆ ಬೀಳುವುದೂ ಈ ಗುಣದಿಂದಲೇ. ಆದ್ದರಿಂದ ಅಂಟಿಸಿದ ದಿನ ಕೈಯಿಂದ ಎಳೆದು ನೋಡಿ ಗಟ್ಟಿಯಾಗಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಟೇಪಿನ ಮೇಲಂಚಿನಲ್ಲಿ ಗೋಡೆಗೂ ಅದಕ್ಕೂ ನಡುವೆ ಸಣ್ಣ ಗೆರೆಯಂತೆ ಬಿರುಕು ಕಾಣಿಸಿಕೊಂಡರೆ ಅದು ಬಿಡುತ್ತಿದೆ ಎಂದು ತಿಳಿದು ಆಗಲೇ ಇಳಿಸಬೇಕು.

ಈಗ ಒಂದೊಂದು ಬಗೆಯ ವಿಷಯ. ಬಾಲವನ್ನು ಹಿಡಿದು ಕೆಳಕ್ಕೆ ಎಳೆದರೆ ರಬ್ಬರಿನಂತೆ ಹಿಗ್ಗಿ ಗೋಡೆ ಬಿಟ್ಟುಬರುವ ಪಟ್ಟಿಗಳಲ್ಲಿ ಬಹಳ ಪರಿಚಿತವಾದದ್ದು 3ಎಂ ಕಂಪನಿಯ ಕಮಾಂಡ್. ನಯವಾದ ಗೋಡೆಯ ಮಟ್ಟಿಗೆ ಇದು ಒಳ್ಳೆಯ ಕಲ್ಪನೆ, ಏಕೆಂದರೆ ಎಳೆದಾಗ ಪಟ್ಟಿ ತೆಳುವಾಗುತ್ತಾ ಅಂಚಿನಿಂದ ಸ್ವಲ್ಪಸ್ವಲ್ಪವೇ ಬಿಡುತ್ತದೆ, ಬಣ್ಣದ ಮೇಲೆ ಒಮ್ಮೆಲೇ ಜಗ್ಗು ಬೀಳುವುದಿಲ್ಲ. ಆದರೆ ಕಂಪನಿಯೇ ತನ್ನ ಸೂಚನೆಯಲ್ಲಿ ಒರಟು ಗೋಡೆ, ಇಟ್ಟಿಗೆ, ವಾಲ್‌ಪೇಪರ್ ಇವುಗಳ ಮೇಲೆ ಬಳಸಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ಹಾಸಿಗೆಯ ಮೇಲ್ಭಾಗದಲ್ಲಿ ತೂಗುಹಾಕಬೇಡಿ, ಮರಳಿ ಸಿಗದಂಥ ಬೆಲೆಬಾಳುವ ವಸ್ತುಗಳಿಗೆ ಬಳಸಬೇಡಿ ಎಂಬ ಮಾತುಗಳೂ ಅಲ್ಲಿವೆ. ಕೊಳ್ಳುವವರು ಪೊಟ್ಟಣದ ಮುಂಭಾಗದ ಚಿತ್ರವನ್ನು ನೋಡುತ್ತಾರೆಯೇ ಹೊರತು ಹಿಂಭಾಗದ ಸಣ್ಣಕ್ಷರವನ್ನು ಓದುವುದು ಅಪರೂಪ. ಆನ್‌ಲೈನ್ ಕೊಳ್ಳುವಿಕೆಯಲ್ಲಿ ಹಿಂಭಾಗ ಎಷ್ಟೋ ಸಲ ಕಾಣುವುದೇ ಇಲ್ಲ. ರೋಲರ್‌ನ ಸಣ್ಣ ಉಬ್ಬುಗಳಿರುವ ಎಮಲ್ಷನ್ ಗೋಡೆಯಲ್ಲಿ ಈ ಬಗೆಯ ಪಟ್ಟಿಗಳು ಹಗುರ ವಸ್ತುಗಳನ್ನು ಹಿಡಿದಿಟ್ಟಿದ್ದನ್ನು ನಾನು ಕಂಡಿದ್ದೇನೆ. ಕಣಗಳಿರುವ ಗೋಡೆಯಲ್ಲಿ ಎರಡು ರೀತಿಯ ತೊಂದರೆ ಬರುತ್ತದೆ. ಒಂದೋ ಹಿಡಿಯುವುದೇ ಇಲ್ಲ, ಇಲ್ಲವೇ ಕಣಗಳ ನಡುವೆ ಸಿಕ್ಕಿಕೊಂಡ ಪಟ್ಟಿ ಎಳೆಯುವಾಗ ನಡುವೆ ತುಂಡಾಗಿ ಅರ್ಧ ಗೋಡೆಯಲ್ಲೇ ಉಳಿಯುತ್ತದೆ. ಹಿಗ್ಗಿ ಬಿಡಿಸಿಕೊಳ್ಳುವುದೇ ಇದರ ಗುಣವಾದ್ದರಿಂದ, ಪಟ್ಟಿ ಸರಾಗವಾಗಿ ಹಿಗ್ಗಲಾಗದಂಥ ಗೋಡೆಯಲ್ಲಿ ಇದಕ್ಕೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಫೋಮ್ ಟೇಪು ನನ್ನ ದೃಷ್ಟಿಯಲ್ಲಿ ತರಿತರಿ ಗೋಡೆಗೆ ಹೆಚ್ಚು ಹೊಂದುವಂಥದ್ದು, ಹಾಗೆಯೇ ಗೋಡೆಗೆ ಹೆಚ್ಚು ಅಪಾಯ ಮಾಡುವಂಥದ್ದೂ ಅದೇ. ನಡುವೆ ಸ್ಪಂಜಿನಂಥ ಪದರವಿರುವುದರಿಂದ ಒತ್ತಿದಾಗ ಅದು ಉಬ್ಬಿನ ಮೇಲೆ ಕುಗ್ಗಿ ತಗ್ಗಿಗೆ ಇಳಿಯುತ್ತದೆ. ಇಲ್ಲಿ ದಪ್ಪವನ್ನು ಗಮನಿಸಬೇಕು: ಗೋಡೆಯ ತಗ್ಗಿಗಿಂತ ಫೋಮಿನ ದಪ್ಪ ಸಾಕಷ್ಟು ಹೆಚ್ಚಿರದಿದ್ದರೆ ಫೋಮ್ ಇದ್ದೂ ಪ್ರಯೋಜನವಿಲ್ಲ. ಒಂದು ಮಿಲಿಮೀಟರ್ ದಪ್ಪದ ಟೇಪು ರೋಲರ್ ಉಬ್ಬಿಗೆ ಸಾಕು. ಮರಳಿನ ಕಣಗಳಿರುವ ಗೋಡೆಗೆ ಇನ್ನೂ ದಪ್ಪನೆಯದು ಬೇಕು. ಕರಣೆಯಿಂದ ಎಳೆದ ಅಲೆಗಳಿಗೆ ಯಾವುದೂ ಸಾಲದು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಿಳಿ ಫೋಮ್ ಟೇಪಿನಲ್ಲಿ ಅಂಟಿಗಿಂತ ಫೋಮೇ ದುರ್ಬಲವಾಗಿರುತ್ತದೆ. ಭಾರ ಹೆಚ್ಚಾದಾಗ ಫೋಮ್ ನಡುವೆ ಸೀಳಿ, ಒಂದು ಪದರ ಗೋಡೆಯಲ್ಲಿ, ಇನ್ನೊಂದು ಫ್ರೇಮಿನಲ್ಲಿ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ 3ಎಂನ ವಿ.ಎಚ್.ಬಿ. ಎಂಬ ಅಕ್ರಿಲಿಕ್ ಫೋಮ್ ಟೇಪಿನಂಥವು ಬಹಳ ಬಲವಾದವು. ಕಾರ್ಖಾನೆಗಳಲ್ಲಿ ಲೋಹ ಮತ್ತು ಗಾಜಿನ ಭಾಗಗಳನ್ನು ಸೇರಿಸಲು ಅವು ಹುಟ್ಟಿಕೊಂಡವು. ಕೊಠಡಿಯ ಸಾಮಾನ್ಯ ಉಷ್ಣತೆಯಲ್ಲಿ ಅವುಗಳ ಬಲ ಸುಮಾರು 20 ನಿಮಿಷದಲ್ಲಿ ಅರ್ಧ, 24 ಗಂಟೆಯಲ್ಲಿ ಶೇ. 90, 72 ಗಂಟೆಯಲ್ಲಿ ಪೂರ್ತಿ ಬರುತ್ತದೆ. ಇಷ್ಟು ಬಲವಾದ ಟೇಪನ್ನು ಮನೆಯ ಗೋಡೆಗೆ ಹಾಕಿದರೆ ಟೇಪು ಬಿಡುವುದಿಲ್ಲ, ಬಣ್ಣ ಬಿಡುತ್ತದೆ. ಬಾಡಿಗೆ ಮನೆಯವರು ಇದನ್ನು ಗೋಡೆಗೆ ಬಳಸದಿರುವುದೇ ಒಳ್ಳೆಯದು.

ನ್ಯಾನೊ ಟೇಪ್, ಜೆಲ್ ಟೇಪ್ ಎಂಬ ಹೆಸರುಗಳಲ್ಲಿ ಮಾರುವ, ಗಾಜಿನಂತೆ ಪಾರದರ್ಶಕವಾದ ಮೆತ್ತನೆಯ ಪಟ್ಟಿಯ ಜಾಹೀರಾತುಗಳು ಈಗ ಎಲ್ಲೆಡೆ ಕಾಣುತ್ತವೆ. ಕೈಗೆ ತೆಗೆದುಕೊಂಡಾಗಲೇ ಇದು ಬೇರೆಯದೆಂದು ಗೊತ್ತಾಗುತ್ತದೆ. ಬೆರಳಿಗೆ ಅಂಟಿ ಎಳೆದಷ್ಟೂ ಬರುತ್ತದೆ. ಮೆತ್ತಗಿರುವ ಕಾರಣ ತರಿಗಳ ನಡುವೆ ಚೆನ್ನಾಗಿ ಇಳಿಯುತ್ತದೆ, ಆರಂಭದ ಹಿಡಿತ ನಿಜಕ್ಕೂ ಬೆರಗುಗೊಳಿಸುವಂತಿದೆ. ಆದರೆ ಅಷ್ಟೇ ಮೆತ್ತಗಿರುವ ವಸ್ತು ಸತತ ಭಾರಕ್ಕೆ ಜಾರುವುದೂ ಬೇಗ. ಎಂ.ಡಿ.ಎಫ್. ಹಲಗೆಯ ಚಿಕ್ಕ ನಾಮಫಲಕವೊಂದನ್ನು ಇದರಿಂದ ಅಂಟಿಸಿದ್ದೆವು. ಅದು ಬೀಳಲಿಲ್ಲ, ಆದರೆ ಒಂದು ಪಕ್ಕಕ್ಕೆ ವಾಲುತ್ತಾ ಹೋಯಿತು, ಅದರ ಹಿಂದೆ ಜೆಲ್ ಎಳೆ ಎಳೆಯಾಗಿ ಹಿಗ್ಗಿ ನಿಂತಿತ್ತು. ತೊಳೆದರೆ ಮತ್ತೆ ಅಂಟುತ್ತದೆ ಎಂಬ ಮಾತು ಒಂದು ಮಟ್ಟಕ್ಕೆ ಸತ್ಯ, ಏಕೆಂದರೆ ಮೇಲಿನ ದೂಳು ತೊಳೆದುಹೋಗಿ ಅಂಟು ಮತ್ತೆ ಹೊರಬರುತ್ತದೆ. ಆದರೆ ಸುಣ್ಣ, ಡಿಸ್ಟೆಂಪರ್ ಇವುಗಳ ಪುಡಿ ಜೆಲ್‌ನೊಳಗೆ ಇಳಿದುಬಿಟ್ಟರೆ ತೊಳೆದೂ ಹೋಗುವುದಿಲ್ಲ. ಇನ್ನೊಂದು ಸಂಗತಿಯೆಂದರೆ, ಹೊಳಪಿಲ್ಲದ ಮ್ಯಾಟ್ ಪೇಂಟಿನ ಮೇಲೆ ಬಹಳ ಕಾಲ ಇದ್ದ ಜೆಲ್ ತೆಗೆದ ಮೇಲೆ ಎಣ್ಣೆ ಇಳಿದಂಥ ಕಡುನೆರಳು ಉಳಿಯಬಹುದು. ಹುಟ್ಟುಹಬ್ಬದ ಬಲೂನು, ನಾಮಕರಣದ ದಿನದ ಅಲಂಕಾರ, ದಸರಾ ಗೊಂಬೆಗಳ ಹಿಂದಿನ ಪರದೆಯ ಅಂಚು ಮುಂತಾಗಿ ಕೆಲವೇ ದಿನ ನಿಲ್ಲಬೇಕಾದ ಹಗುರ ವಸ್ತುಗಳಿಗೆ ಇದು ಬಹಳ ಅನುಕೂಲಕರ. ವರ್ಷಪೂರ್ತಿ ನಿಲ್ಲಬೇಕಾದ್ದಕ್ಕೆ ಅಲ್ಲ.

ಚೂಯಿಂಗ್ ಗಮ್‌ನಂತೆ ಕೈಯಲ್ಲಿ ನಾದಿ ಅಂಟಿಸುವ ಪುಟ್ಟಿ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ. ಮಕ್ಕಳ ಚಾರ್ಟು, ಕಾಗದದ ಹೂವುಗಳಂಥವಕ್ಕೆ ಅದು ಸಾಕು, ತರಿಯ ಆಳವೂ ಅದಕ್ಕೆ ಅಡ್ಡಿಯಲ್ಲ.

ಗೋಡೆಯ ಬಣ್ಣದ ಬಗ್ಗೆ ಅತಿ ಮೃದುವಾಗಿ ವರ್ತಿಸುವುದು ಮಾಸ್ಕಿಂಗ್ ಟೇಪು. ಇದು ಹುಟ್ಟಿದ್ದೇ ಬಣ್ಣ ಕೀಳುವ ಸಮಸ್ಯೆಯಿಂದ. 1920ರ ದಶಕದ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳು ಜನಪ್ರಿಯವಾಗಿದ್ದವು. ಬಣ್ಣಗಳ ನಡುವಿನ ಗೆರೆ ನೇರವಾಗಿ ಬರಲೆಂದು ಅಂಟಿಸಿದ ಕಾಗದವನ್ನು ತೆಗೆಯುವಾಗ ಹೊಸ ಬಣ್ಣವೂ ಕಿತ್ತುಬರುತ್ತಿತ್ತು. ಇದನ್ನು ಕಂಡ 3ಎಂನ ರಿಚರ್ಡ್ ಡ್ರೂ 1925ರಲ್ಲಿ ಮೆತ್ತಗೆ ಹಿಡಿದು ಮೆತ್ತಗೆ ಬಿಡುವ ಈ ಟೇಪನ್ನು ರೂಪಿಸಿದರು. ಮೊದಲು ಗೋಡೆಗೆ ಮಾಸ್ಕಿಂಗ್ ಟೇಪು, ಅದರ ಮೇಲೆ ಡಬಲ್ ಸೈಡ್ ಟೇಪು ಅಥವಾ ಗ್ಲೂ ಗನ್ ಅಂಟು ಎಂಬ ಉಪಾಯವನ್ನು ಅನೇಕರು ಶಿಫಾರಸು ಮಾಡುತ್ತಾರೆ. ಬಣ್ಣ ಉಳಿಸುವ ದೃಷ್ಟಿಯಿಂದ ಇದು ಸರಿಯಾದ ಉಪಾಯ. ಆದರೆ ಇಡೀ ಭಾರ ಕೊನೆಗೆ ಮಾಸ್ಕಿಂಗ್ ಟೇಪಿನ ಮೇಲೆಯೇ ಬೀಳುವುದರಿಂದ, ಮೇಲೆ ಎಷ್ಟು ಬಲವಾದ ಟೇಪು ಹಾಕಿದರೂ ಹಿಡಿತ ಹೆಚ್ಚುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಹಿಂದಿನ ಗೋಡೆಗೆ ಕಟ್ಟುವ ಕಾಗದದ ತೋರಣ, ಪ್ಲಾಸ್ಟಿಕ್ ಹೂವಿನ ಎಳೆಗಳಿಗೆ ನಾವು ಇದನ್ನೇ ಬಳಸುತ್ತೇವೆ. ನಿಜವಾದ ಚೆಂಡುಹೂವಿನ ಮಾಲೆ ಹಾಗಲ್ಲ. ಅದು ತೂಕದ್ದು, ಜೊತೆಗೆ ತೇವ. ಅದಕ್ಕೆ ಬಾಗಿಲ ಚೌಕಟ್ಟಿನ ಮೊಳೆಯೋ ಕಿಟಕಿಯ ಸರಳೋ ಬೇಕು.

ಟೇಪಿನ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಬಣ್ಣದ ಬಗೆಗಿನ ದೂರುಗಳು. ಟೇಪು ಹಿಡಿದಿರುವುದು ಮೇಲಿನ ಬಣ್ಣದ ತೆಳುಪದರವನ್ನು. ಆ ಪದರ ಅದರ ಕೆಳಗೆ ಬಳಿದ ಪ್ರೈಮರ್‌ಗೆ, ಪ್ರೈಮರ್ ಗೋಡೆ ನಯವಾಗಲೆಂದು ಹಚ್ಚಿದ ಪುಟ್ಟಿಗೆ, ಪುಟ್ಟಿ ಸಿಮೆಂಟಿನ ಗಾರೆಗೆ ಹಿಡಿದುಕೊಂಡಿರಬೇಕು. ಇವುಗಳಲ್ಲಿ ಎಲ್ಲಿ ಬಂಧ ದುರ್ಬಲವೋ ಅಲ್ಲಿ ಬಿಡುತ್ತದೆ. ಪಕ್ಕದ ಮನೆಗೆ ಬಂದಿದ್ದ ಪೇಂಟರ್ ಒಬ್ಬರನ್ನು ಈ ಬಗ್ಗೆ ಕೇಳಿದಾಗ, “ಪುಟ್ಟಿ ಮೇಲೆ ಪ್ರೈಮರ್ ಇಲ್ದೆ ಬಣ್ಣ ಹೊಡೆದಿದ್ರೆ ಟೇಪು ಕಿತ್ತಾಗ ಹಾಳೆ ಥರ ಬರುತ್ತೆ ಮೇಡಂ, ಮೊದಲು ಗೋಡೆ ಒರೆಸಿ ನೋಡಿ” ಎಂದರು. ಅವರು ಹೇಳಿದ ಪರೀಕ್ಷೆ ಬಹಳ ಉಪಯುಕ್ತ. ಕಪ್ಪು ಬಟ್ಟೆಯಿಂದ ಗೋಡೆಯನ್ನು ಗಟ್ಟಿಯಾಗಿ ಒರೆಸಬೇಕು. ಬಟ್ಟೆಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ, ಡಿಸ್ಟೆಂಪರ್ ಅಥವಾ ಹಳತಾಗಿ ಸತ್ವ ಕಳೆದುಕೊಂಡ ಬಣ್ಣ. ಅಂಥ ಗೋಡೆಯಲ್ಲಿ ಟೇಪು ಪುಡಿಗೆ ಅಂಟುತ್ತದೆ, ಗೋಡೆಗಲ್ಲ. ಹಳೆಯ ಮನೆಗಳ ಅಡುಗೆಕೋಣೆಯ ಹಿಂಗೋಡೆ, ಮಳೆಗಾಲದಲ್ಲಿ ತೇವ ಒಸರುವ ಹೊರಗೋಡೆಯ ಒಳಮೈ ಇಂಥ ಜಾಗಗಳಲ್ಲಿ ಯಾವ ಟೇಪನ್ನೂ ಪರಿಗಣಿಸಬೇಕಿಲ್ಲ. ಇನ್ನು ಹೊಸದಾಗಿ ಬಣ್ಣ ಹೊಡೆದ ಗೋಡೆ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ಸಮಯ ಬೇಕು. ಕಮಾಂಡ್ ಪಟ್ಟಿಗಳ ಸೂಚನೆ ಕನಿಷ್ಠ 7 ದಿನ ಕಾಯಿರಿ ಎನ್ನುತ್ತದೆ. ಟೆಕ್ಸ್ಚರ್ ಪದರ ದಪ್ಪವಾಗಿರುವುದರಿಂದ ಅದಕ್ಕಿಂತ ಹೆಚ್ಚು ಕಾಯುವುದು ಕ್ಷೇಮವೆಂದು ನನ್ನ ಅನಿಸಿಕೆ. ಕಲೆ ಅಂಟದಂತೆ ತಯಾರಿಸಿದ ತೊಳೆಯಬಲ್ಲ ಪೇಂಟುಗಳು ಗಟ್ಟಿಯಾಗಿಯೇ ಇರುತ್ತವೆ, ಆದರೆ ಕಲೆಯನ್ನು ದೂರವಿಡುವ ಅದೇ ಗುಣ ಟೇಪನ್ನೂ ದೂರವಿಡುತ್ತದೆ.

ಹವೆಯೂ ಮುಖ್ಯ. ಕಮಾಂಡ್ ಪಟ್ಟಿಗಳಿಗೆ ಸೂಚಿಸಿರುವ ಮೇಲಿನ ಮಿತಿ ಸುಮಾರು 40 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಹೊರಗಿನ ಉಷ್ಣತೆಯೇ ಅದನ್ನು ದಾಟುತ್ತದೆ. ಅಲ್ಲಿ ಪಶ್ಚಿಮದ ಬಿಸಿಲು ಹೊಡೆಯುವ ಗೋಡೆಯ ಒಳಮೈಯಲ್ಲಿ ಅಂಟು ಮೆತ್ತಗಾಗಿ ಜಾರುವುದು ಸಹಜ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ತೇವ ಹೀರಿಕೊಂಡಿರುತ್ತದೆ. ಮಂಗಳೂರಿನವರು ಟೇಪು ಅಂಟಿಸುವ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಲೇಸು.

ಯಾವುದನ್ನು ತೂಗುಹಾಕಬಹುದು ಎಂಬುದನ್ನು ತೂಕವೊಂದರಿಂದಲೇ ನಿರ್ಧರಿಸಲಾಗದು. ವಸ್ತು ಗೋಡೆಯಿಂದ ಎಷ್ಟು ಹೊರಚಾಚಿದೆ ಎಂಬುದೂ ಅಷ್ಟೇ ಮುಖ್ಯ. ಗೋಡೆಗೆ ಚಪ್ಪಟೆಯಾಗಿ ಕೂರುವ ಒಂದು ಕಿಲೋ ಕ್ಯಾನ್ವಾಸ್ ಬಹುಪಾಲು ಕೆಳಮುಖವಾಗಿ ಎಳೆಯುತ್ತದೆ, ಟೇಪುಗಳು ಈ ಎಳೆತವನ್ನು ಚೆನ್ನಾಗಿ ತಡೆಯುತ್ತವೆ. ಅದೇ ಒಂದು ಕಿಲೋ ತೂಕದ, 15 ಸೆಂಟಿಮೀಟರ್ ಹೊರಚಾಚಿದ ಪುಟ್ಟ ಶೆಲ್ಫನ್ನು 5 ಸೆಂಟಿಮೀಟರ್ ಎತ್ತರದ ಬೆನ್ನುಪಟ್ಟಿಯಿಂದ ಅಂಟಿಸಿದರೆ, ಭಾರದ ನಡುಬಿಂದು ಗೋಡೆಯಿಂದ ಸುಮಾರು 7.5 ಸೆಂಟಿಮೀಟರ್ ದೂರವಿರುವುದರಿಂದ ಮೇಲಂಚನ್ನು ಗೋಡೆಯಿಂದ ಹೊರಕ್ಕೆ ಕೀಳುವ ಬಲ ಒಂದೂವರೆ ಕಿಲೋ ತೂಕಕ್ಕೆ ಸಮವಾಗುತ್ತದೆ. ಅಂಚಿನಿಂದ ಸುಲಿಯುವ ಇಂಥ ಎಳೆತದ ಮುಂದೆ ಟೇಪುಗಳು ಬಹಳ ದುರ್ಬಲ. ಶೆಲ್ಫು, ಹೂಕುಂಡ, ದೀಪದ ಸ್ಟ್ಯಾಂಡು ಇವುಗಳಿಗೆ ತರಿತರಿ ಗೋಡೆಯಲ್ಲಿ ಟೇಪನ್ನು ಬಳಸಲೇಬಾರದು. ಗಾಜಿನ ಫ್ರೇಮು, ಬಿದರಿ ತಟ್ಟೆಯಂಥ ಲೋಹದ ವಸ್ತು, ತೊಟ್ಟಿಲು ಅಥವಾ ಮಂಚದ ಮೇಲ್ಭಾಗದ ಯಾವ ವಸ್ತುವಿಗೂ ಬಳಸಬಾರದು. ದೇವರ ಪಟ ಮತ್ತು ಮನೆಯ ಹಿರಿಯರ ಭಾವಚಿತ್ರವನ್ನು ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಅವು ಬಿದ್ದು ಒಡೆದರೆ ಆಗುವ ನೋವು ಗಾಜಿನ ಬೆಲೆಯದ್ದಲ್ಲ. ಉಳಿದಂತೆ ಚಪ್ಪಟೆಯಾದ ಹಗುರ ಕ್ಯಾನ್ವಾಸ್, ಫೋಮ್ ಬೋರ್ಡಿನ ಅಕ್ಷರಗಳು, ಬಟ್ಟೆಯ ಅಲಂಕಾರ, ಬೆತ್ತದ ಸಣ್ಣ ತಟ್ಟೆಗಳು ಸಣ್ಣ ತರಿಯ ಗಟ್ಟಿ ಬಣ್ಣದ ಗೋಡೆಯಲ್ಲಿ ಫೋಮ್ ಟೇಪಿನಿಂದ ನೆಮ್ಮದಿಯಾಗಿ ನಿಲ್ಲುತ್ತವೆ.

ಅಂಟಿಸುವ ವಿಧಾನದಲ್ಲಿ ಅವಸರ ಮಾಡಿದರೆ ಒಳ್ಳೆಯ ಟೇಪೂ ಕೆಡುತ್ತದೆ. ಮೊದಲು ಒಣ ಬ್ರಷ್‌ನಿಂದ ತರಿಗಳ ನಡುವಿನ ದೂಳನ್ನು ತೆಗೆಯಬೇಕು. ಟೆಕ್ಸ್ಚರ್ ಗೋಡೆ ದೂಳು ಹಿಡಿದಿಡುವುದರಲ್ಲಿ ಬಹಳ ಮುಂದು, ಬರಿ ಬಟ್ಟೆ ಸಾಲದು. ನಂತರ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವ್ಯಾಬ್‌ನಿಂದ ಒರೆಸಿ ಒಣಗಲು ಬಿಡಬೇಕು, ಬಣ್ಣ ಬಿಡುತ್ತದೆಯೇ ಎಂದು ಮೊದಲು ಮೂಲೆಯಲ್ಲಿ ನೋಡಿಕೊಂಡು. ನೆಲ ಒರೆಸುವ ದ್ರವ, ಸಾಬೂನು ನೀರು ಇವು ಪದರ ಉಳಿಸುವುದರಿಂದ ಬೇಡ. ಟೇಪನ್ನು ಗೋಡೆಗೆ ಹಾಕಿ ಹೆಬ್ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕನಿಷ್ಠ 30 ಸೆಕೆಂಡ್ ಬಲವಾಗಿ ಒತ್ತಬೇಕು. ಕಮಾಂಡ್‌ನ ಸೂಚನೆ ಒಂದು ಗಂಟೆ ಕಾದು ಭಾರ ಹಾಕಿ ಎನ್ನುತ್ತದೆ. ಒರಟು ಗೋಡೆಯಲ್ಲಿ ಅಂಟು ತಗ್ಗುಗಳಿಗೆ ಇಳಿಯಲು ಇನ್ನೂ ಸಮಯ ಬೇಕಾದ್ದರಿಂದ ಫೋಮ್ ಟೇಪಿಗೆ ಒಂದು ಇಡೀ ರಾತ್ರಿ ಕೊಡುವುದು ಒಳ್ಳೆಯದು.

ತೆಗೆಯುವಾಗ ವಸ್ತುವನ್ನು ಹಿಡಿದು ನಿಮ್ಮೆಡೆಗೆ ಜಗ್ಗಬೇಡಿ, ಬಣ್ಣ ಹಾಳಾಗುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಹೇರ್ ಡ್ರೈಯರ್‌ನಿಂದ ಟೇಪನ್ನು ಬೆಚ್ಚಗೆ ಮಾಡಿ, ಗಟ್ಟಿ ದಾರವನ್ನೋ ಹಲ್ಲು ಶುಚಿಮಾಡುವ ಫ್ಲಾಸನ್ನೋ ವಸ್ತುವಿನ ಹಿಂದೆ ಸೇರಿಸಿ ಗರಗಸದಂತೆ ಆಚೀಚೆ ಎಳೆದರೆ ಫೋಮ್ ನಡುವೆ ಕತ್ತರಿಸಿಕೊಳ್ಳುತ್ತದೆ. ಗೋಡೆಯಲ್ಲಿ ಉಳಿದ ಪದರವನ್ನು ಮತ್ತೆ ಬೆಚ್ಚಗೆ ಮಾಡಿ ಬೆರಳಿನಿಂದ ಉರುಳಿಸುತ್ತಾ ತೆಗೆಯಬಹುದು. ಹಾಗೆಂದು ಟೆಕ್ಸ್ಚರ್ ಗೋಡೆಯಲ್ಲಿ ಬಣ್ಣ ಕಿತ್ತುಬಂದರೆ ಸರಿಪಡಿಸುವುದು ಸುಲಭವಲ್ಲ; ನಯವಾದ ಗೋಡೆಗೆ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಮುಗಿಯಿತು, ಇಲ್ಲಿ ಅದೇ ತರಿಯನ್ನು ಮತ್ತೆ ಮೂಡಿಸಬೇಕು, ಅಕ್ಕಪಕ್ಕದ ಬಣ್ಣಕ್ಕೆ ಹೊಂದಿಸಬೇಕು. ಇಡೀ ಗೋಡೆಯನ್ನೇ ಮತ್ತೆ ಮಾಡಿಸಬೇಕಾಗಿ ಬರುವುದೂ ಉಂಟು. ಡ್ರಿಲ್ ಮಾಡಿ ಗಿಟ್ಟಿ (ಸ್ಕ್ರೂ ಹಿಡಿದಿಡುವ ಬೆಣೆ) ಹಾಕಿದ ಒಂದು ಸಣ್ಣ ರಂಧ್ರವನ್ನು ಮುಚ್ಚುವುದು ಅಂಗೈಯಗಲ ಕಿತ್ತುಹೋದ ಟೆಕ್ಸ್ಚರನ್ನು ಸರಿಪಡಿಸುವುದಕ್ಕಿಂತ ಎಷ್ಟೋ ಸುಲಭ. ಈ ಮಾತನ್ನು ಮನೆಯ ಮಾಲೀಕರಿಗೆ ವಿವರಿಸಿ, ಭಾರದ ಫ್ರೇಮುಗಳಿಗೆ ಒಂದೆರಡು ರಂಧ್ರಗಳ ಅನುಮತಿಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಸಾಧ್ಯವಾದರೆ ಅದೇ ಉತ್ತಮ ದಾರಿ. ಅನುಮತಿ ಸಿಗದಿದ್ದರೆ ಕರ್ಟನ್ ರಾಡ್‌ನಿಂದ ದಾರ ಇಳಿಬಿಟ್ಟು ಹಗುರ ಫ್ರೇಮುಗಳನ್ನು ತೂಗುಹಾಕಬಹುದು, ದೊಡ್ಡದನ್ನು ಸೈಡ್‌ಬೋರ್ಡಿನ ಮೇಲೆ ಗೋಡೆಗೆ ಒರಗಿಸಿ ಇಡಬಹುದು.

ಕೊಳ್ಳುವವರಿಗೆ ನನ್ನ ಸಲಹೆ: ರೋಲರ್ ಉಬ್ಬಿನ ಎಮಲ್ಷನ್ ಗೋಡೆಗೆ ಮಧ್ಯಮ ಬೆಲೆಯ, ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ ಫೋಮ್ ಟೇಪು, ಹಬ್ಬದ ಕೆಲವು ದಿನಗಳಿಗೆ ಮಾಸ್ಕಿಂಗ್ ಟೇಪು ಅಥವಾ ಜೆಲ್ ಟೇಪು, ಕರಣೆಯಿಂದ ಎಳೆದ ಆಳದ ಟೆಕ್ಸ್ಚರ್‌ಗೆ ಕಾಗದದ ತೂಕ ಮೀರಿದ ಯಾವುದಕ್ಕೂ ಟೇಪು ಬೇಡ. ಇಡೀ ಪೊಟ್ಟಣವನ್ನು ಬಳಸುವ ಮೊದಲು ಸೋಫಾದ ಹಿಂದೆ ಕಾಣದ ಜಾಗದಲ್ಲಿ ಒಂದು ತುಂಡನ್ನು ಅಂಟಿಸಿ, ಅದಕ್ಕೆ ನೀವು ತೂಗುಹಾಕಬೇಕಾದ ತೂಕದ್ದೇ ಏನಾದರೊಂದನ್ನು ಕಟ್ಟಿ, ಕೆಲವು ದಿನ ಬಿಟ್ಟು ಬಿಡಿಸಿ ನೋಡಿ. ತುಂಡಿನ ಬೆನ್ನಿಗೆ ಬಣ್ಣ ಪದರಪದರವಾಗಿ ಬಂದಿದ್ದರೆ ಆ ಗೋಡೆಯಿಂದ ಟೇಪನ್ನು ದೂರವಿಡಿ.